ಪಿನ್‌ಬಾಲ್: ಅದೃಷ್ಟವೋ, ಜಾಣ್ಮೆಯೋ?

ನೀವು ಎಂದಾದರೂ ಪಿನ್‌ಬಾಲ್ ಆಡಿದ್ದೀರಾ? ಗಾಜಿನ ಕೆಳಗೆ ಉಕ್ಕಿನ ಗುಂಡೊಂದು ದೀಪಗಳ ನಡುವೆ ಪುಟಿಯುತ್ತಾ ಓಡುತ್ತದೆ. ನೋಡುವವರಿಗೆ ಎಲ್ಲವೂ ಅದೃಷ್ಟ ಅನ್ನಿಸುತ್ತದೆ. ನ್ಯೂಯಾರ್ಕ್ ನಗರಕ್ಕೂ ಹಾಗೇ ಅನ್ನಿಸಿತ್ತು. ಅಲ್ಲಿ 1942ರಿಂದ 1976ರವರೆಗೆ ಈ ಆಟಕ್ಕೆ ನಿಷೇಧವಿತ್ತು! ಮೇಯರ್ ಲಾಗಾರ್ಡಿಯಾ ಅವರ ದೃಷ್ಟಿಯಲ್ಲಿ ಇದು ಮಕ್ಕಳ ಚಿಲ್ಲರೆ ಕಾಸು ದೋಚುವ ಜೂಜು. ಪೊಲೀಸರು ಯಂತ್ರಗಳನ್ನು ಹೊತ್ತೊಯ್ದರು, ಮೇಯರ್ ತಾವೇ ಸುತ್ತಿಗೆ ಹಿಡಿದು ಕೆಲವನ್ನು ಒಡೆದರು.

ನಿಜ ಹೇಳಬೇಕೆಂದರೆ, ಅವರದು ಪೂರ್ತಿ ತಪ್ಪಲ್ಲ. ಆಗಿನ ಯಂತ್ರದಲ್ಲಿ ಸ್ಪ್ರಿಂಗ್ ಎಳೆದು ಗುಂಡನ್ನು ಬಿಟ್ಟ ಮೇಲೆ, ಯಂತ್ರವನ್ನು ಸ್ವಲ್ಪ ಅಲುಗಾಡಿಸುವುದು ಬಿಟ್ಟರೆ ಆಟಗಾರನಿಗೆ ಕೆಲಸವೇ ಇರಲಿಲ್ಲ. 1947ರಲ್ಲಿ ಷಿಕಾಗೋದ ಗಾಟ್ಲೀಬ್ ಕಂಪನಿಯ 'ಹಂಪ್ಟಿ ಡಂಪ್ಟಿ' ಯಂತ್ರ ಬಂತು. ಅದರಲ್ಲಿ ಆರು ಫ್ಲಿಪ್ಪರ್‌ಗಳಿದ್ದವು. ಗುಂಡಿ ಒತ್ತಿದರೆ ಗುಂಡನ್ನು ಹೊಡೆದು ಮೇಲಕ್ಕೆ ಕಳಿಸುವ ಪುಟ್ಟ ಕೈಗಳು ಅವು. ಆಟವೇ ಬದಲಾಯಿತು, ಕಾನೂನು ಮಾತ್ರ ಬದಲಾಗಲಿಲ್ಲ.

1976ರಲ್ಲಿ ರೋಜರ್ ಶಾರ್ಪ್ ಎಂಬ ಪತ್ರಕರ್ತರು ನಗರಸಭೆ ಸದಸ್ಯರ ಮುಂದೆಯೇ ಆಡಿ ತೋರಿಸಿದರು. ಮೋಸವಿರಬಹುದೆಂದು ಒಬ್ಬ ಸದಸ್ಯರಿಗೆ ಅನುಮಾನ. "ಆ ಇನ್ನೊಂದು ಯಂತ್ರದಲ್ಲಿ ಆಡಿ" ಎಂದರು. ಕೊನೆಗೆ ಶಾರ್ಪ್, ಗುಂಡು ನಡುವಿನ ದಾರಿಯಲ್ಲೇ ಇಳಿಯುತ್ತದೆ ಎಂದು ಮೊದಲೇ ಹೇಳಿ ಸ್ಪ್ರಿಂಗ್ ಎಳೆದರು. ಹಾಗೇ ಇಳಿಯಿತು! ನಿಷೇಧ ಹೋಯಿತು. ಆ ಹೊಡೆತದಲ್ಲಿ ಅದೃಷ್ಟವೂ ಇತ್ತೆಂದು ಆಮೇಲೆ ಅವರೇ ಒಪ್ಪಿಕೊಂಡರು ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ.

ಜಾಣ್ಮೆ ನೋಡಬೇಕೆಂದರೆ 1992ರ 'ಆಡಮ್ಸ್ ಫ್ಯಾಮಿಲಿ' ಆಡಿ. ಪ್ಯಾಟ್ ಲಾಲರ್ ವಿನ್ಯಾಸ ಮಾಡಿದ ಈ ಯಂತ್ರ 20,000ಕ್ಕೂ ಹೆಚ್ಚು ಮಾರಾಟವಾಯಿತು. ಅದೇ ಹೆಸರಿನ ಸಿನಿಮಾದ ವಿಚಿತ್ರ ಕುಟುಂಬದ ಬಂಗಲೆಯೇ ಇದರ ಕಥೆ. ಪೆಟ್ಟಿಗೆಯಿಂದ ಒಂದು ಕೈ ಹೊರಬಂದು ಗುಂಡನ್ನು ಎತ್ತಿಕೊಂಡು ಹೋಗುತ್ತದೆ. (ಮೊದಲ ಸಲ ಅದನ್ನು ನೋಡುತ್ತಾ ನಿಂತು ನಾನು ಗುಂಡನ್ನೇ ಕಳೆದುಕೊಂಡೆ.) ವಿದ್ಯುತ್ ಕುರ್ಚಿಗೆ ಗುಂಡು ಹಾಕಿದರೆ, ಆಗ ಮಿನುಗುತ್ತಿರುವ ಕೋಣೆ ನಿಮ್ಮದು. ಹಲವು ಕೋಣೆಗಳಲ್ಲಿ ಒಂದೊಂದು ಆಟ. ಪುಸ್ತಕದ ಕಪಾಟಿಗೆ ಮತ್ತೆ ಮತ್ತೆ ಹೊಡೆದರೆ ಅದು ತಿರುಗಿ, ಹಿಂದಿನ ತಿಜೋರಿ ಕಾಣುತ್ತದೆ. ಅದರಲ್ಲಿ ಗುಂಡುಗಳನ್ನು ಕೂಡಿಟ್ಟರೆ ಮೂರೂ ಒಟ್ಟಿಗೆ ಹೊರಬರುತ್ತವೆ.

ಈಗ ಯೋಚಿಸಿ. ಕಪಾಟಿಗೆ ಗುರಿಯಿಡುತ್ತೀರೋ, ಕುರ್ಚಿಗೋ? ಬೇಡದ ಕೋಣೆ ಮಿನುಗುತ್ತಿದ್ದರೆ ಕಾಯುತ್ತೀರೋ? ನನ್ನ ಸಲಹೆ ಕೇಳಿ: ಗಾಬರಿಯಿಂದ ಎರಡೂ ಗುಂಡಿ ಒಟ್ಟಿಗೆ ಒತ್ತಬೇಡಿ. ಒಂದು ಫ್ಲಿಪ್ಪರ್ ಎತ್ತಿ ಹಿಡಿದು ಗುಂಡನ್ನು ಅದರ ಮೇಲೆ ನಿಲ್ಲಿಸಿ, ಆಮೇಲೆ ಗುರಿ ನೋಡಿ. ಮೂರು ಗುಂಡುಗಳು ಬಂದಾಗ ಮಾತ್ರ ಈ ಸಲಹೆ ನನಗೇ ನೆನಪಿರುವುದಿಲ್ಲ. ಮೇಜಿನ ಕೆಳಗೆ ಅಡಗಿರುವ ಆಯಸ್ಕಾಂತಗಳು ಆಗಲೇ ಎಚ್ಚರಗೊಂಡು ಗುಂಡುಗಳನ್ನು ದಾರಿ ತಪ್ಪಿಸುತ್ತವೆ!