ಬಲೆಯಿಂದ ಚಾವಣಿಗೆ

ಈ ಹಸಿರು ಗಾಜಿನ ಗುಂಡು ಹುಟ್ಟುವಾಗ ದೀಪವಾಗಿರಲಿಲ್ಲ. ಮೀನುಬಲೆ ಮುಳುಗದಿರಲೆಂದು ಜಪಾನಿನ ಬೆಸ್ತರು ಕಟ್ಟುತ್ತಿದ್ದ ತೇಲುಗುಂಡು ಇದು. ಹಳೆಯ ಬಾಟಲಿಗಳನ್ನೂ ಕರಗಿಸಿ ಊದುತ್ತಿದ್ದರು; ಗಾಜಿನೊಳಗೆ ಸಿಕ್ಕಿಕೊಂಡ ಗುಳ್ಳೆಗಳನ್ನು ಬಗ್ಗಿ ನೋಡಿ. ಬಲೆಯಿಂದ ಕಳಚಿಕೊಂಡ ಎಷ್ಟೋ ಗುಂಡುಗಳು ಪೆಸಿಫಿಕ್ ಸಾಗರದ ಪ್ರವಾಹದಲ್ಲಿ ತೇಲುತ್ತ ಅಮೆರಿಕದ ಪಶ್ಚಿಮ ತೀರ ಮುಟ್ಟಿದವು.

1930ರ ದಶಕದಲ್ಲಿ ಹಾಲಿವುಡ್‌ನ ‘ಡಾನ್ ದ ಬೀಚ್‌ಕೋಂಬರ್’, ಓಕ್ಲಂಡ್‌ನ ‘ಟ್ರೇಡರ್ ವಿಕ್ಸ್’ ಹುಟ್ಟುಹಾಕಿದ ‘ಪಾಲಿನೇಷ್ಯನ್’ ಶೈಲಿಯ ರೆಸ್ಟೋರೆಂಟುಗಳಲ್ಲಿ ಇಂಥ ಗುಂಡುಗಳು ಹಗ್ಗದ ಬಲೆಯಲ್ಲಿ ತೂಗಾಡಿದವು, ಬಲ್ಬು ನುಂಗಿ ದೀಪವೂ ಆದವು. ಉಬ್ಬಿಸಿ ಒಣಗಿಸಿದ ಮುಳ್ಳುಮೀನಿಗೂ ಅದೇ ಗತಿ! 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ‘ಓಶಿಯಾನಿಕ್ ಆರ್ಟ್ಸ್’ ಇಂಥ ಅಲಂಕಾರ ಸಾಮಗ್ರಿಗಳನ್ನು ದಶಕಗಳ ಕಾಲ ಪೂರೈಸಿತು.

ಪಾಲಿನೇಷ್ಯದ ಹವಾಯಿಯಲ್ಲಿ ಹಿಂದೆ ಉರಿಯುತ್ತಿದ್ದುದು ಬೇರೆಯೇ: ಕಲ್ಲಿನ ಬಟ್ಟಲಲ್ಲಿ ಕುಕುಯಿ ಬೀಜದ ಎಣ್ಣೆ.