ಕಿಶೋರ ಕಾರ್ಮಿಕರು

ಭಾರತದ ಕಾನೂನಿನಲ್ಲಿ 14 ತುಂಬಿ 18 ಮುಟ್ಟದ ದುಡಿಮೆಗಾರರು. 1986ರ ಬಾಲಕಾರ್ಮಿಕ ಕಾಯ್ದೆ ಇವರನ್ನು ಗಮನಿಸಲೇ ಇಲ್ಲ. ಗಣಿ, ಸ್ಫೋಟಕ ಹಾಗೂ ಬೇಗ ಹೊತ್ತಿಕೊಳ್ಳುವ ವಸ್ತುಗಳ ಕೆಲಸ, ಕಾರ್ಖಾನೆ ಕಾಯ್ದೆ ಹೆಸರಿಸಿದ ಅಪಾಯಕಾರಿ ಪ್ರಕ್ರಿಯೆಗಳಲ್ಲಿ ಇವರನ್ನು ದುಡಿಸಬಾರದೆಂದು 2016ರ ತಿದ್ದುಪಡಿ ವಿಧಿಸಿತು. ತಪ್ಪಿದ ಮಾಲೀಕರಿಗೆ 6 ತಿಂಗಳಿಂದ 2 ವರ್ಷ ಸೆರೆ, 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ.

ಈ ತಿದ್ದುಪಡಿಗೂ ಮೊದಲು, ಶಿವಕಾಶಿಯ ಬೆಂಕಿಪೊಟ್ಟಣ ಮತ್ತು ಪಟಾಕಿ ಉದ್ದಿಮೆಯ ಮಕ್ಕಳ ಕುರಿತ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ, ಅಪಾಯದ ಕೆಲಸಕ್ಕೆ ಹಚ್ಚಿದ ಪ್ರತಿ ಮಗುವಿಗೂ ಮಾಲೀಕ 20,000 ರೂಪಾಯಿ ತೆರಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಆದೇಶಿಸಿತ್ತು. ಕರ್ನಾಟಕದಲ್ಲೂ ರಾಮನಗರ, ಮಾಗಡಿ ಕಡೆಯ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಮಕ್ಕಳು ಬಿಸಿನೀರಿಗೆ ಕೈಯಿಟ್ಟು ದುಡಿದದ್ದು ದಾಖಲಾಗಿದೆ.

2017ರಲ್ಲಿ ಪಟ್ಟಿ ಬದಲಾಗುವವರೆಗೆ 2016ರ ತಿದ್ದುಪಡಿಯ ದೊಡ್ಡ ಕೊರತೆ ಇಲ್ಲಿತ್ತು: ಹಿಂದೆ ಮಕ್ಕಳಿಗೆ ನಿಷಿದ್ಧವಾಗಿದ್ದ 83 ಕಸುಬು, ಪ್ರಕ್ರಿಯೆಗಳ ಪಟ್ಟಿಯ ಜಾಗಕ್ಕೆ ಕಿಶೋರರ ಪಾಲಿಗೆ ಬಂದದ್ದು ಮೇಲಿನ ಮೂರೇ ವರ್ಗಗಳು.