ಅರಿಸಿನ ಮೆತ್ತಿದ ನೋಟು

ನಮ್ಮ ಮೈಸೂರು ಮಹಾರಾಜರು ಸ್ವಂತ ನೋಟು ಅಚ್ಚು ಹಾಕಿಸಲಿಲ್ಲ. ನಿಜಾಮರು 1918ರ ಕಾಯಿದೆಯಿಂದ ತಮ್ಮದೇ ನೋಟು ಹೊರಡಿಸಿದರು. ಅದರ ಮೇಲೆ ಕನ್ನಡದಲ್ಲೂ ಮೊತ್ತವಿತ್ತು. ಗುಲಬರ್ಗಾ, ರಾಯಚೂರಿನ ಹಳೆಯ ಮನೆಗಳಲ್ಲಿ ಅಂಥದ್ದು ಸಿಕ್ಕೀತು. ಮಂಡ್ಯದ ಕಡೆಯ ಪೆಟ್ಟಿಗೆಗಳಲ್ಲಿ ಸಿಗುವುದು ಬ್ರಿಟಿಷರ ನೋಟೇ.

ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದು, 1917ರ ನವೆಂಬರ್ 30ರಂದು ಒಂದು ರೂಪಾಯಿಯ ಕಾಗದದ ನೋಟು ಹೊರಟಿತು. ಆಮೇಲೆ ಎರಡೂವರೆ ರೂಪಾಯಿಯದೂ ಬಂತು. 1926ಕ್ಕೆ ಎರಡನ್ನೂ ನಿಲ್ಲಿಸಿದರು. ಎರಡೂವರೆಯ ನೋಟು ನಿಮ್ಮಜ್ಜಿಯ ಪೆಟ್ಟಿಗೆಯಲ್ಲಿದ್ದರೆ, ತಾಯಿ, ಯಾರ ಕೈಗೂ ಸುಮ್ಮನೆ ಕೊಡಬೇಡಿ.

ರಿಸರ್ವ್ ಬ್ಯಾಂಕಿನ ಮೊದಲ ನೋಟು 1938ರ ಜನವರಿಯದು: ಐದು ರೂಪಾಯಿ, ಆರನೆಯ ಜಾರ್ಜ್ ದೊರೆಯ ಚಿತ್ರ, ಗವರ್ನರ್ ಟೇಲರ್ ಸಹಿ. 1943ರಲ್ಲಿ ಸಿ.ಡಿ. ದೇಶಮುಖ್ ಮೊದಲ ಭಾರತೀಯ ಗವರ್ನರ್ ಆದರು. ದೊರೆಯ ಮುಖ ಅದೇ, ಸಹಿ ಮಾತ್ರ ನಮ್ಮವರದು! ಸಂಗ್ರಹಿಸುವವರು ಮೊದಲು ಸಹಿ ನೋಡುತ್ತಾರೆ. ಒಂದು ರೂಪಾಯಿ ನೋಟಿನಲ್ಲಿ ಗವರ್ನರ್ ಸಹಿ ಇರುವುದಿಲ್ಲ, ಹಣಕಾಸು ಕಾರ್ಯದರ್ಶಿಯದಿರುತ್ತದೆ. ಖೋಟಾ ಎಂದು ಗಾಬರಿಯಾಗಬೇಡಿ. ಸಹಿಯ ನಂತರ ನಂಬರು, ಆಮೇಲೆ ನೋಟಿನ ಸ್ಥಿತಿ. ಮಡಿಕೆಯಿಲ್ಲದ ನೋಟಿನ ಬೆಲೆ ಮಾಸಿದ್ದಕ್ಕಿಂತ ಎಷ್ಟೋ ಪಟ್ಟು. ಹಾಗೆಂದು ಇಸ್ತ್ರಿ ಹಾಕಬೇಡಿ, ಗೋಂದು ಹಚ್ಚಬೇಡಿ. ಅನುಭವಿಗಳು ನೋಡಿದ ತಕ್ಷಣ ಕಂಡುಹಿಡಿಯುತ್ತಾರೆ.

ಇದನ್ನೆಲ್ಲ ಬರೆಯಲು ಕಾರಣವಿದೆ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಸಿಗುತ್ತದೆಂದು ಈಚೆಗೆ ಸುದ್ದಿ ಹಬ್ಬಿತು. ವಿ.ಸಿ. ಫಾರಂನಲ್ಲಿರುವ ನಮಗೆ ಟ್ರ್ಯಾಕ್ಟರ್ ಏನು ಹೊಸದೆ? ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು, ಬೇಳೆ ಡಬ್ಬದ ನೋಟಿನ ಫೋಟೊ ಕಳಿಸಿ, "ಮೊದಲು ತೆರಿಗೆ ಕಟ್ಟಿ" ಎಂದವನಿಗೆ ಚೀಟಿ ದುಡ್ಡಿನಲ್ಲಿ ಎರಡು ಸಾವಿರ ಕಟ್ಟಿದಳು. "ಟೀಚರಮ್ಮ, ನಮ್ಮೆಜಮಾನ್ರಿಗೆ ಏನಂತ ಹೇಳ್ಲಿ?" ಎಂದು ಅತ್ತಳು. ಆ ಚಿತ್ರದ ನೋಟು ದಶಕಗಟ್ಟಲೆ, ರಾಶಿ ರಾಶಿ ಅಚ್ಚಾಗಿದೆ. ಹಾಗಾಗಿ ಸಾಮಾನ್ಯವಾಗಿ ಅದರ ಬೆಲೆ ಐದು ರೂಪಾಯಿಯೇ. ಹಳೆಯ ನೋಟು ಕೊಳ್ಳುವ ವ್ಯವಹಾರ ತನ್ನದಲ್ಲ, ಅದಕ್ಕೆ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲೇ ಎಚ್ಚರಿಸಿತ್ತು. ಮಾರುವವರಿಂದ ಮುಂಗಡ ಕೇಳುವ ವ್ಯಾಪಾರಿ ಯಾವ ಸಂತೆಯಲ್ಲಿದ್ದಾನೆ, ಹೇಳಿ!

ನನ್ನಲ್ಲಿರುವುದು ದೇಶಮುಖರ ಸಹಿಯ ಒಂದೇ ಐದು ರೂಪಾಯಿ. ತೀರಿಕೊಂಡ ಅತ್ತೆಯ ಮದುವೆ ಸೀರೆಯ ಮಡಿಕೆಯಲ್ಲಿ ಸಿಕ್ಕಿತು. ಕಬ್ಬಿನ ದುಡ್ಡೋ, ಹಾಲಿನ ದುಡ್ಡೋ, ಯಾರ ಕಣ್ಣು ತಪ್ಪಿಸಿ ಇಟ್ಟಿದ್ದರೋ. ನಾಲ್ಕು ಮಡಿಕೆ, ಎರಡು ಪಿನ್ನಿನ ತೂತು, ಮೂಲೆಯಲ್ಲಿ ಅರಿಸಿನದ ಬೆರಳ ಗುರುತು. ಕಲೆಯಿದ್ದರೆ ಬೆಲೆ ಇಳಿಯುತ್ತದೆಂದು ಗೊತ್ತು, ಒರೆಸಲು ಹೋಗಿಲ್ಲ.